ಐಮರ, ಮುಕ್ಕಾಲಿ, ಆರಾಮ ಕುರ್ಚಿ: ಕೊಡಗಿನ ಆಸನಗಳ ಚರಿತ್ರೆ

ಕೊಡಗಿನ ಹಳೆಯ ಮನೆಗಳಲ್ಲಿ ಕೂರುವ ಸಾಮಾನು ಎರಡು ಪರಂಪರೆಗೆ ಸೇರಿದ್ದು. ಒಂದು, ಐನ್‌ಮನೆಯ ಕಯ್ಯಾಲೆಯಲ್ಲಿ, ಅಂದರೆ ಮುಂಜಗಲಿಯಲ್ಲಿ, ಕಂಬದಿಂದ ಕಂಬಕ್ಕೆ ಹಾಸಿದ ಅಗಲವಾದ ಹಲಗೆ. ಅದರ ಹೆಸರು ಐಮರ. ಇನ್ನೊಂದು, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಾಫಿ ತೋಟದ ಬಂಗಲೆಗಳ ಜತೆ ಬಂದ ಬೆತ್ತದ ಕುರ್ಚಿ, ಬೆತ್ತದ ಸೋಫಾ ಮತ್ತು ಉದ್ದ ಕೈಗಳ ಆರಾಮ ಕುರ್ಚಿ. ಎರಡೂ ಹುಟ್ಟಿದ ಕಾಲ ಬೇರೆ, ಮಾಡಿಸಿದವರು ಬೇರೆ, ಅವುಗಳ ಮೇಲೆ ಕೂತವರ ಅಂತಸ್ತೂ ಬೇರೆ. ಆದರೂ ಒಂದು ಗುಣ ಎರಡಕ್ಕೂ ಸಮಾನ. ಹತ್ತಿ, ನಾರು, ಕೂದಲು ತುಂಬಿ ಹೊಲಿದ ಮೆತ್ತೆ ಇವುಗಳ ಮೈಗೆ ಅಂಟಿಕೊಂಡಿಲ್ಲ. ಕೊಡಗಿನ ಬಡಗಿ ಸುಖವನ್ನು ಹುಡುಕಿದ್ದು ಹಲಗೆಯ ಅಗಲದಲ್ಲಿ, ಬೆನ್ನಿನ ಓರೆಯಲ್ಲಿ, ಬೆತ್ತದ ಬಳುಕಿನಲ್ಲಿ.

ಇದಕ್ಕೆ ಮುಖ್ಯ ಕಾರಣ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3,200 ಮಿಲಿಮೀಟರ್ ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಅದಕ್ಕಿಂತ ಬಹಳ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೇ ಸೇರಿದ್ದು. ಮಳೆಗಾಲದ ನಡುವಿನ ಕಕ್ಕಡ ತಿಂಗಳಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಚರ್ಮದ ಚಪ್ಪಲಿ ಬೂಷ್ಟು ಹಿಡಿಯುತ್ತದೆ, ಪುಸ್ತಕದ ರಟ್ಟು ಬಾಗುತ್ತದೆ. ಅಂಥ ಕಡೆ ಹತ್ತಿ ತುಂಬಿದ ದಪ್ಪ ಆಸನವನ್ನು ಮರಕ್ಕೆ ಮೊಳೆ ಹೊಡೆದು ಕೂರಿಸಿದರೆ ಒಂದೆರಡು ಮಳೆಗಾಲದಲ್ಲೇ ಅದು ವಾಸನೆ ಹೊಡೆಯುವ ಮೂಟೆಯಾಗುತ್ತದೆ. ಒರೆಸಿದರೆ ಒಣಗುವ ಹಲಗೆ, ಗಾಳಿಯಾಡುವ ಬೆತ್ತ ಇವೆರಡೇ ಇಲ್ಲಿ ತಲೆಮಾರುಗಟ್ಟಲೆ ಬಾಳಿದವು.

ಐಮರವನ್ನು ತಿಳಿಯಬೇಕಾದರೆ ಅದು ಇರುವ ಮನೆಯನ್ನು ಮೊದಲು ತಿಳಿಯಬೇಕು. ಕೊಡವರಲ್ಲಿ ಒಬ್ಬನೇ ಮೂಲಪುರುಷನಿಂದ ಬಂದ ಕುಲವನ್ನು ಒಕ್ಕ ಎನ್ನುತ್ತಾರೆ. ಒಂದು ಒಕ್ಕದ ಮೂಲಮನೆಯೇ ಐನ್‌ಮನೆ. ಅದು ಸಾಮಾನ್ಯವಾಗಿ ಭತ್ತದ ಗದ್ದೆಗಳಿಗಿಂತ ಮೇಲೆ, ದಿಣ್ಣೆಯೊಂದರ ಮಗ್ಗುಲಲ್ಲಿ ಇರುತ್ತದೆ. ರಸ್ತೆಯಿಂದ ಮನೆಗೆ ಹೋಗಲು ಎರಡೂ ಕಡೆ ಮಣ್ಣಿನ ಅಥವಾ ಕಲ್ಲಿನ ಗೋಡೆ ಇರುವ ಅಂಕುಡೊಂಕಾದ ಓಣಿ. ಓಣಿ ಮುಗಿದ ಕಡೆ ಅಂಗಳ, ಅಂಗಳದಿಂದ ಕಲ್ಲಿನ ಮೆಟ್ಟಿಲು, ಮೆಟ್ಟಿಲು ಹತ್ತಿದರೆ ಕಯ್ಯಾಲೆ. ಒಳಗೆ ತೂಗುದೀಪ ಇರುವ ನಡುಮನೆಗೆ ನೆಲ್ಲಕ್ಕಿ ನಡುಬಾಡೆ ಎಂದು ಹೆಸರು. ಹಿರಿಯರ ನೆನಪಿಗೆ ಮೀಸಲಾದ ಕನ್ನಿ ಕೊಂಬರೆ ಇನ್ನೂ ಒಳಗೆ. ಬಂದವರನ್ನು ಕೂರಿಸುವುದು, ಮಾತಾಡಿಸುವುದು, ವ್ಯಾಜ್ಯ ಕೇಳುವುದು, ಗದ್ದೆಯ ಕಡೆ ಕಣ್ಣಿಡುವುದು ಎಲ್ಲವೂ ಕಯ್ಯಾಲೆಯಲ್ಲೇ ನಡೆಯುತ್ತಿತ್ತು.

ಕಯ್ಯಾಲೆಯ ಹೊರ ಅಂಚಿನಲ್ಲಿ ಮರದ ಕಂಬಗಳ ಸಾಲು. ಅನೇಕ ಮನೆಗಳಲ್ಲಿ ಇವು ಬುಡದಲ್ಲಿ ದಪ್ಪವಾಗಿ ಮೇಲೆ ಹೋದಂತೆ ಸಣ್ಣಗಾಗುವ ಚೌಕ ಕಂಬಗಳು. ಮೈಮೇಲೆ ಕೆತ್ತನೆ ಇರುತ್ತದೆ. ಎರಡು ಕಂಬಗಳ ನಡುವೆ ಮೊಣಕಾಲೆತ್ತರದ ಗೋಡೆ, ಅದರ ಮೇಲೆ ಐಮರ. ಒಳ್ಳೆಯ ಐಮರ ಎಂದರೆ ಜೋಡಣೆ ಇಲ್ಲದ ಒಂದೇ ಹಲಗೆ. ಒಬ್ಬರು ಕಾಲು ಮಡಚಿ ಕೂರುವಷ್ಟು, ಮಧ್ಯಾಹ್ನ ಊಟವಾದ ಮೇಲೆ ಒಬ್ಬರು ಅಡ್ಡಾಗುವಷ್ಟು ಅಗಲ ಅದಕ್ಕಿರುತ್ತದೆ. ಮುಂದಿನ ಅಂಚನ್ನು ತೊಡೆಗೆ ಒತ್ತದ ಹಾಗೆ ಉರುಟು ಮಾಡಿರುತ್ತಾರೆ. ಒರಗುವ ಬೆನ್ನು ಬೇರೆ ಇಲ್ಲ, ಕಂಬವೇ ಬೆನ್ನು. ಹಿರಿಯರು ಕಂಬಕ್ಕೆ ಒರಗಿ, ಒಂದು ಕಾಲು ಹಲಗೆಯ ಮೇಲೆ ಮಡಚಿ, ಇನ್ನೊಂದು ಇಳಿಬಿಟ್ಟು ಗಂಟೆಗಟ್ಟಲೆ ಕೂರಬಹುದಿತ್ತು. ಹೀಗೆ ಕೂತಾಗ ಒಂದು ಕಣ್ಣು ಮನೆಯೊಳಗೆ, ಒಂದು ಕಣ್ಣು ಓಣಿಯ ಕಡೆ. ಬರುವವರು ಅಂಗಳಕ್ಕೆ ಕಾಲಿಡುವ ಮೊದಲೇ ಕಯ್ಯಾಲೆಯಲ್ಲಿದ್ದವರಿಗೆ ಗೊತ್ತಾಗುತ್ತಿತ್ತು. ಕಾದಾಟದ ಕಾಲದ ಮನೆಗೆ ಈ ಜಾಗ ಎಷ್ಟು ಸರಿಯಾಗಿ ಹೊಂದುತ್ತದೆ ಎಂಬುದನ್ನು ಇಂದಿಗೂ ಹಳೆಯ ಐನ್‌ಮನೆಯ ಐಮರದ ಮೇಲೆ ಕೂತವರು ಕಾಣಬಹುದು.

ಹಲಗೆಯ ಕೆಳಮುಖ ಮತ್ತು ಮೇಲ್ಮುಖಗಳಿಗೆ ಇರುವ ವ್ಯತ್ಯಾಸ ನೋಡುವಂಥದು. ಕೆಳಗೆ ಗರಗಸದ ಗೀರುಗಳು, ಬಾಚಿಯ ಏಟುಗಳು ಹಾಗೇ ಉಳಿದಿರುತ್ತವೆ. ಮೇಲ್ಮುಖವನ್ನು ಬಡಗಿ ಮೊದಲು ಉಜ್ಜುಗೊರಡಿನಿಂದ ನಯಮಾಡಿದ. ಉಳಿದ ಹೊಳಪು ಕೂತು ಎದ್ದವರದು. ಎಣ್ಣೆ ಹಚ್ಚಿದ ಮೈ, ಒರಟು ಪಂಚೆ, ಕೊಡವರ ನಿಲುವಂಗಿಯಾದ ಕುಪ್ಯದ ಬಟ್ಟೆ ಇವು ಮೂರು ನಾಲ್ಕು ತಲೆಮಾರು ಉಜ್ಜಿದ ಮೇಲೆ ಹಲಸಿನ ಹಲಗೆ ಹಳದಿ ಬಿಟ್ಟು ಕೆಂಗಂದಾಗಿ, ಮುಖ ಕಾಣುವಷ್ಟು ನುಣುಪಾಗುತ್ತದೆ. ಯಾವ ಪಾಲಿಶೂ ಇದಕ್ಕೆ ಸಾಟಿಯಾಗದು.

ಐಮರದ ಮೇಲೆ ಯಾರು ಕೂರಬೇಕು ಎಂಬುದಕ್ಕೂ ಪದ್ಧತಿ ಇತ್ತು. ಜಾಗ ಹಿರಿಯರಿಗೆ ಮೀಸಲು. ಒಕ್ಕದ ಮುಖ್ಯಸ್ಥ ಪಟ್ಟೆದಾರ ಮತ್ತು ವಯಸ್ಸಾದವರು ಕೂತಿದ್ದರೆ ಕಿರಿಯರು ನಿಲ್ಲಬೇಕು, ಇಲ್ಲವೇ ಚಾಪೆಯ ಮೇಲೆ ಕೂರಬೇಕು. ಒಳಮನೆಯಲ್ಲಿ ಚಾಪೆ ಮತ್ತು ಮಣೆ. ಹಬ್ಬಗಳಾದ ಪುತ್ತರಿಗೆ, ಕೈಲ್ ಪೊಳ್ದ್‌ಗೆ ಒಕ್ಕದವರು ಒಂದುಗೂಡಿದಾಗ ಕಯ್ಯಾಲೆ ತುಂಬಿ ಅಂಗಳಕ್ಕೂ ಜನ ಹರಿಯುತ್ತಿದ್ದರು. ಹಾಗಾಗಿ ಐಮರ ಒಬ್ಬರ ಸ್ವಂತದ ಆಸನವಾಗಿರಲಿಲ್ಲ. ಅದನ್ನು ಎತ್ತಿಕೊಂಡು ಹೋಗುವ ಹಾಗಿರಲಿಲ್ಲ, ಪಾಲು ಮಾಡುವ ಹಾಗಿರಲಿಲ್ಲ. ಮನೆಗೆ ಹೊಂದಿಕೊಂಡ ಆಸನ ಅದು, ಒಕ್ಕಕ್ಕೆ ಸೇರಿದ್ದು.

ಎತ್ತಿಡಬಹುದಾದ ಆಸನಗಳಲ್ಲಿ ಕೊಡವರಿಗೆ ಮುಖ್ಯವಾದದ್ದು ಮುಕ್ಕಾಲಿ, ಅಂದರೆ ಮೂರು ಕಾಲಿನ ಸಣ್ಣ ಪೀಠ. ಮದುವೆಯ ಮುಹೂರ್ತದಲ್ಲಿ ವಧೂವರರು ಇದರ ಮೇಲೆ ಕೂರುತ್ತಾರೆ. ನೆಂಟರು ಒಬ್ಬೊಬ್ಬರಾಗಿ ಬಂದು ಮೊಣಕಾಲು, ಭುಜ, ತಲೆಗೆ ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕುಡಿಸಿ, ಕಾಣಿಕೆ ಕೊಟ್ಟು ಹರಸುತ್ತಾರೆ. ಪುರೋಹಿತರಿಲ್ಲದ ಈ ಮದುವೆಯಲ್ಲಿ ದೀಪ, ಅಕ್ಕಿ, ಕಿಂಡಿ ಮತ್ತು ಮುಕ್ಕಾಲಿಯೇ ಪ್ರಧಾನ. ಮೂರು ಕಾಲಿಗೆ ಬಡಗಿಯ ಲೆಕ್ಕವೂ ಇದೆ. ನಾಲ್ಕು ಕಾಲಿನ ಪೀಠ ಏರುತಗ್ಗಿನ ನೆಲದಲ್ಲಿ ಅಲುಗಾಡುತ್ತದೆ. ಮೂರು ಕಾಲಿನದು ಎಂಥ ಮಣ್ಣುನೆಲದಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಸೆಗಣಿ ಸಾರಿಸಿದ ನೆಲದ ಮನೆಗೆ ಇದಕ್ಕಿಂತ ತಕ್ಕ ರೂಪ ಇರಲಾರದು.

ಈ ಕೆಲಸಗಳನ್ನು ಮಾಡುತ್ತಿದ್ದವರು ಮುಖ್ಯವಾಗಿ ಐರಿಗಳು. ಮರ, ಕಬ್ಬಿಣ, ಬಂಗಾರದ ಕೆಲಸ ಮೂರನ್ನೂ ಮಾಡುವ ಈ ಸಮುದಾಯ ಮಲಬಾರ್ ಕಡೆಯಿಂದ ಬಂದು ಕೊಡಗಿನಲ್ಲಿ ನೆಲೆಸಿತು ಎಂದು ಹೇಳಲಾಗುತ್ತದೆ. ಅವರ ಮನೆಮಾತು ಕೊಡವ ತಕ್ಕ್. ಬಾಗಿಲಿನ ದಾರಂದ, ಕಿಟಕಿಯ ಸರಳು, ಕಂಬ, ನೇಗಿಲು, ಒಡಿಕತ್ತಿಯ ಹಿಡಿ ಎಲ್ಲವೂ ಇವರ ಕೈಯಲ್ಲೇ ಆಗುತ್ತಿದ್ದವು. ಘಟ್ಟದ ಕೆಳಗಿನ ಮಲಯಾಳಿ ಬಡಗಿಗಳೂ ಬೇಸಗೆಯಲ್ಲಿ ಮೇಲೆ ಬಂದು ಕೆಲಸ ಮಾಡುತ್ತಿದ್ದರು. ಕಯ್ಯಾಲೆಯ ಕಂಬಗಳಲ್ಲಿ, ಮನೆಯ ಒಳಗೆ ಬಾನಿಗೆ ತೆರೆದ ತೊಟ್ಟಿಯ ವಿನ್ಯಾಸದಲ್ಲಿ ಮಲಬಾರಿನ ಮನೆಗಳ ಹೋಲಿಕೆ ಕಾಣುವುದು ಈ ಸಂಪರ್ಕದಿಂದಲೇ.

ಹಲಗೆಗೆ ಹಲಸು, ಹೆಬ್ಬಲಸು ಅಚ್ಚುಮೆಚ್ಚು. ಹಲಸಿನ ತಿರುಳಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಒಣಗಿದ ಮೇಲೆ ಅದು ಹೆಚ್ಚು ಸೊಟ್ಟಗಾಗುವುದೂ ಇಲ್ಲ. ಕಂಬ ತೊಲೆಗಳಿಗೆ ಮತ್ತಿ, ನಂದಿ, ಹೊನ್ನೆಯಂಥ ಗಟ್ಟಿ ಮರಗಳು. ಕೃಷ್ಣಪಕ್ಷದಲ್ಲಿ ಕಡಿದ ಮರಕ್ಕೆ ಹುಳು ಬೀಳುವುದಿಲ್ಲ ಎಂಬ ನಂಬಿಕೆಯಂತೆ ದಿನ ನೋಡಿ ಮರ ಉರುಳಿಸುತ್ತಿದ್ದರು. ದಿಮ್ಮಿಯನ್ನು ಕೊಯ್ಯುವುದು ಆಳು ಗರಗಸದಿಂದ. ನೆಲದಲ್ಲಿ ಗುಂಡಿ ತೋಡಿ, ಅದರ ಮೇಲೆ ದಿಮ್ಮಿಯನ್ನು ಅಡ್ಡ ಮಲಗಿಸಿ, ಒಬ್ಬ ಮೇಲೆ ನಿಂತು ಒಬ್ಬ ಗುಂಡಿಯೊಳಗೆ ನಿಂತು ಉದ್ದ ಗರಗಸ ಎಳೆಯುತ್ತಿದ್ದರು. ಕೆಳಗಿನವನ ಕಣ್ಣಿಗೆ ಹುಡಿ, ಮೇಲಿನವನ ಕಾಲಿಗೆ ಅಪಾಯ. ಎರಡು ಅಡಿ ಅಗಲದ ಒಂದು ಹಲಗೆಯನ್ನು ತಿರುಚಿಲ್ಲದಂತೆ ಕೊಯ್ಯಲು ಇಬ್ಬರ ಕೈಯೂ ಒಂದೇ ತಾಳದಲ್ಲಿ ನಡೆಯಬೇಕು. ಒಂದು ಐನ್‌ಮನೆಯ ಐಮರಗಳ ಹಿಂದೆ ಇಂಥ ವಾರಗಟ್ಟಲೆ ದುಡಿಮೆ ಇದೆ. ಕೆತ್ತನೆಯ ಕಂಬದ ಮುಂದೆ ನಿಂತು ಬೆರಗಾಗುವವರು ಹಲಗೆಯನ್ನು ಗಮನಿಸುವುದೇ ಇಲ್ಲ. ಕೌಶಲದ ಲೆಕ್ಕದಲ್ಲಿ ಅದೇನೂ ಕಡಿಮೆಯಲ್ಲ.

ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ ಮರಗೆಲಸಕ್ಕೆ ಅರಮನೆಯ ಆಶ್ರಯವೂ ದೊರೆಯಿತು. ದೊಡ್ಡ ವೀರರಾಜೇಂದ್ರ 1792 ಮತ್ತು 1794ರ ನಡುವೆ ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಕೆತ್ತಿದ ಕಂಬಗಳು ಮತ್ತು ಬಣ್ಣದ ಚಾವಣಿ ಇಂದಿಗೂ ಉಳಿದಿವೆ. ಲಿಂಗರಾಜೇಂದ್ರ 1812ರಿಂದ 1814ರ ಅವಧಿಯಲ್ಲಿ ಮಡಿಕೇರಿ ಕೋಟೆಯ ಅರಮನೆಯನ್ನು ಹೊಸದಾಗಿ ಕಟ್ಟಿಸಿದ. 1834ರಲ್ಲಿ ಚಿಕ್ಕ ವೀರರಾಜೇಂದ್ರನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಮಾಡಿಕೊಂಡಿತು.

ಆಮೇಲಿನ ಬದಲಾವಣೆಗೆ ಕಾರಣ ಕಾಫಿ. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ತೋಟ ತೆರೆದ. ಮರುವರ್ಷ ಸಂಪಾಜೆ ಘಟ್ಟದಲ್ಲಿ ಮ್ಯಾನ್, ಬಳಿಕ ಪೆರುಂಬಾಡಿ ಘಟ್ಟದಲ್ಲಿ ಡಾಕ್ಟರ್ ಮ್ಯಾಕ್ಸ್‌ವೆಲ್ ತೋಟ ಮಾಡಿದರು. 1857ರಲ್ಲಿ ಬಾಸೆಲ್ ಮಿಷನ್ನಿನ ಹೆರ್ಮಾನ್ ಆನಂದರಾವ್ ಕೌಂಡಿನ್ಯ ಆನಂದಪುರ ಎಂಬ ಊರು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಕಾಡು ಕಡಿದ ಗುಡ್ಡಗಳ ಮೇಲೆ ಬಂಗಲೆಗಳು ಎದ್ದವು. ಮೊದಮೊದಲು ಹುಲ್ಲಿನ ಮಾಡು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭವಾದ ಮೇಲೆ ಕ್ರಮೇಣ ಹೆಂಚು ಬಂತು, ಐನ್‌ಮನೆಗಳಿಗೂ ಬಂತು. ಬಂಗಲೆಯ ಪಾಲಿಗೆ ಅಗಲವಾದ ವರಾಂಡವೇ ಮುಖ್ಯ ಕೋಣೆ. ಕಯ್ಯಾಲೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅದು ಮಾಡಿತು.

ಆದರೆ ಈ ಬಂಗಲೆಗಳಿಗೆ ಬೇಕಾದ ಸಾಮಾನು ಹೊರಗಿಂದ ತರುವುದು ಸುಲಭವಿರಲಿಲ್ಲ. ಕೊಡಗಿಗೆ ರೈಲು ಅಂದೂ ಇರಲಿಲ್ಲ, ಇಂದೂ ಇಲ್ಲ. ಮಂಗಳೂರಿನಿಂದ ಸಂಪಾಜೆ ಘಟ್ಟ ಹತ್ತಬೇಕು, ಕಣ್ಣೂರು ತಲಚೇರಿಯಿಂದ ಪೆರುಂಬಾಡಿ ಘಟ್ಟ ಹತ್ತಬೇಕು, ಮೈಸೂರಿನಿಂದಾದರೆ ಅಂದು ಫ್ರೇಜರ್‌ಪೇಟೆ ಎನಿಸಿಕೊಂಡ ಕುಶಾಲನಗರದ ದಾರಿ. ಎತ್ತಿನಗಾಡಿಯಲ್ಲಿ ಕಾಫಿ ಕೆಳಗಿಳಿಯುತ್ತಿತ್ತು, ಉಪ್ಪು ಮೇಲೇರುತ್ತಿತ್ತು. ಮೆತ್ತೆ ಹೊದಿಸಿದ ಸೋಫಾಕ್ಕೆ ಗಾಡಿಯಲ್ಲಿ ಜಾಗವಿಲ್ಲ, ತಂದರೂ ಮಳೆ ಅದನ್ನು ಬಿಡುವುದಿಲ್ಲ. ತೋಟದ ಸುತ್ತಲೇ ಬೀಟೆ, ತೇಗ, ಹಲಸು ಇದ್ದವು. ಕೈ ಪಳಗಿದ ಬಡಗಿಗಳೂ ಇದ್ದರು. ಹೀಗೆ ಐಮರ ಮಾಡುವ ಕೈಗಳೇ ಬಂಗಲೆಯ ಕುರ್ಚಿಗೂ ದುಡಿದವು. ತೋಟಗಾರ ಒಂದು ಮಾದರಿ ಕುರ್ಚಿ ತೋರಿಸುತ್ತಿದ್ದ, ಬಡಗಿ ಅಳತೆ ತೆಗೆದು ಅಂಥದೇ ಇನ್ನೊಂದನ್ನು ಸ್ಥಳೀಯ ಮರದಲ್ಲಿ ಮಾಡುತ್ತಿದ್ದ.

ಮೆತ್ತೆಯ ಸೋಫಾ ಅದಕ್ಕೂ ಮೊದಲೇ ಯುರೋಪಿನಲ್ಲಿ ಎಷ್ಟು ಬೇರೆಯಾಗಿ ಬೆಳೆಯಿತು ಎಂಬುದನ್ನು ನೋಡಿದರೆ ಹವೆಗೂ ಆಸನಕ್ಕೂ ಇರುವ ನಂಟು ಸ್ಪಷ್ಟವಾಗುತ್ತದೆ. ಸ್ವೀಡನ್ ಇದಕ್ಕೆ ಒಳ್ಳೆಯ ಉದಾಹರಣೆ. 1771ರಲ್ಲಿ ಪಟ್ಟಕ್ಕೆ ಬಂದು 1792ರವರೆಗೆ ಆಳಿದ ಮೂರನೆಯ ಗುಸ್ತಾವ್ ಫ್ರಾನ್ಸಿನ ಅಭಿರುಚಿಯನ್ನು ತನ್ನ ದೇಶಕ್ಕೆ ತಂದ. ಅವನ ಹೆಸರಿನಿಂದಲೇ ಗುಸ್ತಾವಿಯನ್ ಎನಿಸಿಕೊಂಡ ಶೈಲಿಯ ಸೋಫಾಗಳಲ್ಲಿ ನೇರ ಗೆರೆಗಳು, ಉದ್ದ ಗೀರು ಕೊರೆದ ಸಣ್ಣ ಕಾಲುಗಳು, ಬೂದು ಅಥವಾ ಬಿಳಿ ಬಣ್ಣ ಹಚ್ಚಿದ ಪೈನ್ ಮತ್ತು ಬರ್ಚ್ ಮರ, ಕುದುರೆಗೂದಲು ತುಂಬಿದ ಆಸನ, ಅದರ ಮೇಲೆ ಲಿನನ್ ಹೊದಿಕೆ. ರೈತರ ಮನೆಯ ಅಡುಗೆಕೋಣೆಯಲ್ಲಿ ಮರದ ಸೋಫಾ ಇರುತ್ತಿತ್ತು. ಹಗಲು ಕೂರಲು, ರಾತ್ರಿ ಅದರ ಪೆಟ್ಟಿಗೆಯನ್ನು ಹೊರಗೆಳೆದರೆ ಮಲಗಲು. 1767ರಲ್ಲಿ ಕ್ರೋನ್‌ಸ್ಟೆಟ್ ಮತ್ತು ವ್ರೇದೆ ಎಂಬಿಬ್ಬರು ಸುಧಾರಿಸಿದ ಹೆಂಚಿನ ಒಲೆ ಅಲ್ಲಿನ ಕೋಣೆಗಳನ್ನು ಬೆಚ್ಚಗೆ, ಒಣಗಿದಂತೆ ಇಟ್ಟಿತು. ಚಳಿಯ ನಾಡಿಗೆ ಕೂತಾಗ ಬಿಸಿ ಹಿಡಿದಿಡುವ ಮೆತ್ತೆ ಬೇಕಿತ್ತು, ಒಣ ಕೋಣೆಯಲ್ಲಿ ಅದು ಕೆಡುತ್ತಲೂ ಇರಲಿಲ್ಲ. ಕೊಡಗಿಗೆ ಬೇಕಾದದ್ದು ಇದಕ್ಕೆ ತಿರುಗುಮುರುಗು: ಬೆವರು ಮತ್ತು ತೇವ ನಿಲ್ಲದ, ಗಾಳಿ ಹಾಯುವ ಆಸನ. ಬೆತ್ತದ ನೇಯ್ಗೆ ಮಾತ್ರ ಎರಡೂ ಕಡೆಗೆ ಸಲ್ಲುವ ವಿದ್ಯೆ. ಏಷ್ಯಾದ ಬೆತ್ತ ಹದಿನೇಳನೆಯ ಶತಮಾನದಲ್ಲಿ ಡಚ್ಚರ, ಇಂಗ್ಲಿಷರ ಹಡಗುಗಳಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಕುರ್ಚಿಗಳಿಗೂ ಹತ್ತಿತು. ಬಂಗಲೆಯ ಕುರ್ಚಿಯ ಮೂಲಕ ಅದು ಮತ್ತೆ ಬೆತ್ತ ಬೆಳೆಯುವ ಕಾಡಿನ ಪಕ್ಕಕ್ಕೇ ಬಂತು.

ಬಂಗಲೆಯ ಸಾಮಾನುಗಳಲ್ಲಿ ಅತ್ಯುತ್ತಮವಾದದ್ದು ಪ್ಲಾಂಟರ್ಸ್ ಚೇರ್ ಎನ್ನುವ ಆರಾಮ ಕುರ್ಚಿ. ಇದು ಕೊಡಗಿನದೇ ಸ್ವಂತದ್ದಲ್ಲ. ಸಿಲೋನ್, ಮಲಯ, ನೀಲಗಿರಿ, ಚಿಕ್ಕಮಗಳೂರು ಹೀಗೆ ತೋಟಗಳಿದ್ದಲ್ಲೆಲ್ಲ ಇತ್ತು. ಇದರ ಆಸನ ತಗ್ಗು, ಹಿಂದಕ್ಕೆ ಇನ್ನೂ ತಗ್ಗು. ಬೆನ್ನು ಚೆನ್ನಾಗಿ ಓರೆ. ಅನೇಕ ಕುರ್ಚಿಗಳಲ್ಲಿ ಬೆನ್ನಿನ ಮೇಲ್ತುದಿಯಿಂದ ಮೊಣಕಾಲಿನವರೆಗೆ ಒಂದೇ ಬಾಗಿನಲ್ಲಿ ಬೆತ್ತ ಹರಿದಿರುತ್ತದೆ. ಕೈಗಳು ಆಸನಕ್ಕಿಂತ ಎಷ್ಟೋ ಮುಂದಕ್ಕೆ ಚಾಚಿರುತ್ತವೆ, ಕಾಫಿ ಲೋಟ ಅಥವಾ ತೆರೆದ ಪುಸ್ತಕ ಇಡುವಷ್ಟು ಅಗಲ. ಕೆಲವದರಲ್ಲಿ ಕೈಯ ಕೆಳಗೆ ಇನ್ನೊಂದು ಪಟ್ಟಿ ಅಡಗಿರುತ್ತದೆ. ತಿರುಗಿಸಿದರೆ ಅದು ಮುಂದಕ್ಕೆ ಬರುತ್ತದೆ, ಅದರ ಮೇಲೆ ಕಾಲು ಚಾಚಬಹುದು. ಬೆಳಗಿನ ಹಾಜರಿಯಿಂದ ಮಧ್ಯಾಹ್ನದವರೆಗೆ ಇಳಿಜಾರಿನ ತೋಟ ಸುತ್ತಿ, ಜಿಗಣೆ ಕಚ್ಚಿಸಿಕೊಂಡು ಬಂದ ದೊರೆ ವರಾಂಡದಲ್ಲಿ ಇದರೊಳಗೆ ಕುಸಿದು, ಎರಡು ಕಾಲನ್ನೂ ಕೈಗಳ ಮೇಲೆ ಎತ್ತಿಟ್ಟರೆ ಕಾಲಿನ ಬಾವು ಇಳಿಯುತ್ತಿತ್ತು, ಬೂಟು ಎಳೆದು ತೆಗೆಯುವುದಕ್ಕೂ ಅನುಕೂಲವಾಗುತ್ತಿತ್ತು. ಬೂಟು ಎಳೆಯುತ್ತಿದ್ದುದು ಆಳು. ಆ ಕುರ್ಚಿಯ ಸುಖದ ಚರಿತ್ರೆಯಲ್ಲಿ ಇದನ್ನೂ ಸೇರಿಸಿಯೇ ಬರೆಯಬೇಕು: ಕುರ್ಚಿ ಕಡೆದವರಿಗೂ ಬೆತ್ತ ನೇಯ್ದವರಿಗೂ ಅದರ ಮೇಲೆ ಕೂರುವ ಹಕ್ಕಿರಲಿಲ್ಲ.

ಚೌಕಟ್ಟಿಗೆ ಬೀಟೆ ಅಥವಾ ತೇಗ. ಬೀಟೆ ಭಾರವಾದ, ಕಡುಗಂದು ಮೈಯಲ್ಲಿ ಕಪ್ಪು ಗೆರೆ ಓಡುವ ಮರ. ಉಳಿಯ ಬಾಯಿ ಬೇಗ ಮೊಂಡಾಗುತ್ತದೆ, ಆದರೆ ಒಮ್ಮೆ ಮಾಡಿದ ಕೆಲಸ ಹಾಗೇ ನಿಲ್ಲುತ್ತದೆ. ಒಂದು ತುಂಡಿನ ತುದಿಯನ್ನು ನಾಲಗೆಯಂತೆ ಕಡೆದು, ಇನ್ನೊಂದರ ತೂತಿಗೆ ಬಿಗಿಯಾಗಿ ಕೂರಿಸಿ, ಅಡ್ಡಲಾಗಿ ಮರದ ಬೆಣೆ ಹೊಡೆಯುವುದು ಕ್ರಮ. ಕಬ್ಬಿಣದ ಮೊಳೆ ಈ ತೇವದಲ್ಲಿ ತುಕ್ಕು ಹಿಡಿದು ಮರಕ್ಕೆ ಕಪ್ಪು ಕಲೆ ಮಾಡುವುದರಿಂದ ಒಳ್ಳೆಯ ಬಡಗಿ ಅದನ್ನು ಆದಷ್ಟು ದೂರವಿಟ್ಟ. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತಿಕ್ಕುವ ಫ್ರೆಂಚ್ ಪಾಲಿಶ್ ಬಂಗಲೆಗಳಲ್ಲಿ ಬಳಕೆಗೆ ಬಂತು. ಮಳೆಗಾಲದಲ್ಲಿ ಹಚ್ಚಿದರೆ ಅದು ತೇವ ಹೀರಿ ಬೆಳ್ಳಗೆ ಮಬ್ಬಾಗುತ್ತದೆ. ಅದಕ್ಕೇ ಪಾಲಿಶ್ ಕೆಲಸವೆಲ್ಲ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಿಗೆ ಮೀಸಲು.

ಬೆತ್ತ ಸಿಗುವುದು ಪಶ್ಚಿಮ ಘಟ್ಟದ ನಿತ್ಯಹಸಿರು ಕಾಡಿನಲ್ಲಿ. ಮುಳ್ಳಿನ ಈ ಬಳ್ಳಿ ಮರಗಳನ್ನು ಹಿಡಿದು ಮೇಲೇರುತ್ತದೆ. ಕಡಿದು ಎಳೆದು, ಮುಳ್ಳಿನ ತೊಗಟೆ ಸುಲಿದು ಒಣಗಿಸಬೇಕು. ಕಾಡಿನ ಅಂಚಿನಲ್ಲಿ ಬಾಳಿದ ಕುರುಬರಿಗೂ, ಬುಟ್ಟಿ ಮೊರ ಹೆಣೆಯುವ ಮೇದರಿಗೂ ಬಿದಿರು ಬೆತ್ತ ಎರಡೂ ಕೈಗೆ ಪಳಗಿದವು. ಕುರ್ಚಿಗೆ ಬೇಕಾಗುವುದು ಬೆತ್ತದ ಹೊಳಪಿನ ಹೊರಮೈಯಿಂದ ಸೀಳಿ ತೆಗೆದ ತೆಳು ಪಟ್ಟಿ. ಅದನ್ನು ನೀರಿನಲ್ಲಿ ನೆನೆಹಾಕಿ ಮೆದುವಾದ ಮೇಲೆ ನೇಯಬೇಕು.

ನೇಯ್ಗೆಯ ಕ್ರಮ ಹೀಗೆ. ಆಸನದ ಚೌಕಟ್ಟಿನ ಸುತ್ತ ಸುಮಾರು ಅರ್ಧ ಇಂಚಿಗೊಂದು ತೂತು ಕೊರೆದಿರುತ್ತಾರೆ. ಮೊದಲ ಸಲ ಪಟ್ಟಿ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ, ಎರಡನೆಯ ಸಲ ಅದರ ಮೇಲೆ ಎಡದಿಂದ ಬಲಕ್ಕೆ. ಮೂರನೆಯದು ಮತ್ತೆ ಹಿಂದಿನಿಂದ ಮುಂದಕ್ಕೆ, ಮೊದಲಿನ ತೂತುಗಳಲ್ಲೇ. ನಾಲ್ಕನೆಯದರಲ್ಲಿ ನಿಜವಾದ ಹೆಣಿಗೆ ಶುರು; ಪಟ್ಟಿ ಒಂದರ ಮೇಲೆ ಒಂದರ ಕೆಳಗೆ ನುಸುಳುತ್ತಾ ಎಡಬಲ ಸಾಗುತ್ತದೆ. ಐದು ಮತ್ತು ಆರನೆಯವು ಓರೆ, ಒಂದು ಈ ಮೂಲೆಯಿಂದ, ಇನ್ನೊಂದು ಆ ಮೂಲೆಯಿಂದ. ಆರೂ ಮುಗಿದಾಗ ಎಂಟು ಮೂಲೆಯ ಸಣ್ಣ ಕಣ್ಣುಗಳ ಜಾಲ ಮೂಡುತ್ತದೆ. ಕೊನೆಗೆ ತೂತುಗಳ ಮೇಲೆ ದಪ್ಪ ಪಟ್ಟಿಯೊಂದನ್ನು ಅಂಚುಕಟ್ಟಿ ಮುಚ್ಚುತ್ತಾರೆ. ಒದ್ದೆಯಲ್ಲಿ ನೇಯ್ದ ಬೆತ್ತ ಒಣಗಿದಂತೆ ಕುಗ್ಗಿ ಬಿಗಿಯುತ್ತದೆ. ತಟ್ಟಿದರೆ ಚರ್ಮದ ವಾದ್ಯದ ಹಾಗೆ ಸದ್ದು ಬರಬೇಕು. ಕೂತವರ ಭಾರಕ್ಕೆ ಅದು ಸ್ವಲ್ಪವೇ ತಗ್ಗಿ, ಎದ್ದಾಗ ಮತ್ತೆ ಮೇಲೇರುತ್ತದೆ. ವರ್ಷಗಳ ಬಳಿಕ ಜೋತುಬಿದ್ದರೆ ಅಡಿಭಾಗವನ್ನು ನೀರಿನಿಂದ ಚೆನ್ನಾಗಿ ಒದ್ದೆಮಾಡಿ ನೆರಳಲ್ಲಿ ಒಣಗಿಸಿದರೆ ತಕ್ಕಮಟ್ಟಿಗೆ ಬಿಗಿಯಾಗುತ್ತದೆ. ಸ್ಪ್ರಿಂಗ್ ಹಾಕಿದ ಯಾವ ಆಸನಕ್ಕೂ ಹೀಗೆ ಒಂದು ಚೊಂಬು ನೀರಿನಲ್ಲಿ ಜೀವ ಬರುವುದಿಲ್ಲ.

ಮೂವರು ಕೂರುವ ಬೆತ್ತದ ಸೋಫಾ ಇದೇ ವಿದ್ಯೆಯ ವಿಸ್ತರಣೆ. ಉದ್ದವಾದ ಆಸನ ನಡುವಿನಲ್ಲಿ ಕುಸಿಯದಂತೆ ಬೆತ್ತದ ಕೆಳಗೆ ಅಡ್ಡಪಟ್ಟಿಗಳನ್ನು ಕೊಡುತ್ತಿದ್ದರು, ಅಥವಾ ಆಸನವನ್ನೇ ಮೂರು ಚೌಕಟ್ಟುಗಳಾಗಿ ವಿಂಗಡಿಸುತ್ತಿದ್ದರು. ಮೆತ್ತೆ ಬೇಕೆನಿಸಿದರೆ ಬಿಡಿಯಾದ ತೆಳು ಮೆತ್ತೆ, ಒಳಗೆ ಬೂರುಗದ ಹತ್ತಿ. ಮಳೆ ಬಿಟ್ಟು ಒಂದು ಬಿಸಿಲು ಬಂದರೆ ಅದನ್ನು ಎತ್ತಿ ಅಂಗಳಕ್ಕೆ ಹಾಕಬಹುದು, ಕಾಫಿ ಒಣಗಿಸುವ ಕಣಕ್ಕೂ ಹಾಕಬಹುದು. ಬಿಡಿ ಮೆತ್ತೆ ಎಂಬ ಈ ಸಣ್ಣ ವಿಚಾರದಲ್ಲಿ ಬಂಗಲೆಯವರು ಐನ್‌ಮನೆಯ ಚಾಪೆಯ ಬುದ್ಧಿಯನ್ನೇ ಒಪ್ಪಿಕೊಂಡಂತಾಯಿತು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೊಡವ, ಗೌಡ ಮನೆತನಗಳು ತಾವೇ ಕಾಫಿ ಬೆಳೆದು, ಮಕ್ಕಳು ಸೈನ್ಯಕ್ಕೂ ಸರಕಾರಿ ಕೆಲಸಕ್ಕೂ ಸೇರಿದಂತೆ ಬಂಗಲೆಯ ಸಾಮಾನು ಊರಮನೆಗಳಿಗೂ ಬಂತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಬೆಳೆದ ಸನ್ನಿಸೈಡ್ ಎಂಬ ಮನೆ ಅಂಥ ಬದುಕಿನ ನೆನಪು. 2021ರ ಫೆಬ್ರವರಿಯಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಸ್ವಾತಂತ್ರ್ಯದ ಸುತ್ತಿನ ವರ್ಷಗಳಲ್ಲಿ ಬಿಳಿಯ ತೋಟಗಾರರು ಊರು ಬಿಟ್ಟಾಗ ತೋಟದ ಜತೆ ಬಂಗಲೆಯ ಕುರ್ಚಿ ಮೇಜುಗಳೂ ಕೈ ಬದಲಾಯಿಸಿದವು. ಅನೇಕ ಐನ್‌ಮನೆಗಳ ಕಯ್ಯಾಲೆಯಲ್ಲಿ ಐಮರದ ಎದುರೇ ಆರಾಮ ಕುರ್ಚಿ ಬಂದು ಕೂತಿತು. ಕಂಬಕ್ಕೆ ಒರಗುತ್ತಿದ್ದ ಅಜ್ಜ ಕುರ್ಚಿಗೆ ಬಂದ, ಐಮರ ಮೊಮ್ಮಕ್ಕಳ ಪಾಲಾಯಿತು. ಎರಡು ಪರಂಪರೆಗಳು ಒಂದೇ ಜಾಗದಲ್ಲಿ ಸೇರಿದ್ದು ಹೀಗೆ.

ಮರದ ಕಾನೂನನ್ನು ಹೇಳದೆ ಈ ಚರಿತ್ರೆ ಪೂರ್ಣವಾಗದು. ಕೊಡಗಿನಲ್ಲಿ ಜಮೀನು ಯಾರದು ಎಂಬ ಪ್ರಶ್ನೆ ಒಂದಾದರೆ, ಅದರ ಮೇಲಿನ ಮರ ಯಾರದು ಎಂಬುದು ಇನ್ನೊಂದು. 1899ರ ಕೊಡಗು ಭೂ ಕಂದಾಯ ಕಾನೂನಿನ ಕಾಲದಿಂದ ಜಮ್ಮಾ, ಸಾಗು ಎಂಬ ಬಗೆಗಳ ಜತೆಗೆ ರಿಡೀಮ್ಡ್, ಅನ್‌ರಿಡೀಮ್ಡ್ ಎಂಬ ಭೇದವೂ ಬೆಳೆಗಾರರ ಬಾಯಲ್ಲಿದೆ. ಮರದ ಬೆಲೆಯನ್ನು ಸರಕಾರಕ್ಕೆ ತೀರಿಸಿದ್ದರೆ ಮರ ಜಮೀನಿನವರದು; ತೀರಿಸದಿದ್ದರೆ ಅಂಗಳದಲ್ಲಿ ಅಜ್ಜನ ಕಾಲದಿಂದ ನಿಂತ ಬೀಟೆಯೂ ಸರಕಾರದ್ದೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯಲು ಅನುಮತಿ ಕಡ್ಡಾಯ ಮಾಡಿತು. ಬೀಟೆ ಈಗ ಅಳಿವಿನ ಅಪಾಯಕ್ಕೆ ಒಳಗಾಗಬಲ್ಲ ಮರಗಳ ಪಟ್ಟಿಯಲ್ಲಿದೆ. 2017ರ ಜನವರಿಯಿಂದ ಅದರ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ನಿಯಂತ್ರಣ ಬಂದಿದೆ. ಈ ಬಿಗಿ ಬೇಕಾದದ್ದೇ. ಬೀಟೆ ನಿಧಾನವಾಗಿ ಬೆಳೆಯುವ ಮರ. ಬಂಗಲೆಗಳ ಕಾಲದಲ್ಲಿ ಅದನ್ನು ಕಡಿದ ವೇಗಕ್ಕೂ ಅದು ಬೆಳೆಯುವ ವೇಗಕ್ಕೂ ಹೋಲಿಕೆಯೇ ಇರಲಿಲ್ಲ. ಹಳೆಯ ಕುರ್ಚಿಯೊಂದನ್ನು ಒಲೆಗೆ ಹಾಕಿದರೆ ಅಂಥದೇ ಇನ್ನೊಂದು ಬರುವುದಿಲ್ಲ ಎಂಬುದು ಇದರಿಂದ ಬರುವ ನೇರ ತೀರ್ಮಾನ.

ಹೊಸ ಮರಗೆಲಸ ಬೇರೆ ಮರಗಳ ಕಡೆ ತಿರುಗಿದೆ. ತೋಟದ ನೆರಳಿಗೆಂದು ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಹಲಗೆಗೆ ಬಳಕೆಯಾಗುತ್ತದೆ. ಕಿತ್ತ ಹಳೆಯ ಕಾಫಿ ಗಿಡದ ಬುಡವನ್ನು ತಲೆಕೆಳಗಾಗಿ ನಿಲ್ಲಿಸಿ, ಮೇಲೆ ಗಾಜು ಇಟ್ಟು ಮಾಡುವ ಟೀಪಾಯಿ ಕೊಡಗಿನಲ್ಲೂ ಚಿಕ್ಕಮಗಳೂರಿನಲ್ಲೂ ಸಾಮಾನ್ಯ. ಕಾಫಿಯ ಮರ ಗಟ್ಟಿ, ಅದರ ಬೇರಿನ ತಿರುವು ಬಡಗಿ ಬಯಸಿದರೂ ಕಡೆಯಲಾಗದಂಥದು. ಬೆತ್ತದ ಜಾಗದಲ್ಲಿ ಪ್ಲಾಸ್ಟಿಕ್ ವಯರ್ ಬಂತು. ಆಮೇಲೆ ಅಂಗಡಿಯ ಫೋಮ್ ಸೋಫಾ. ಫೋಮ್ ಸೋಫಾ ಮೊದಲ ದಿನ ಮೆತ್ತಗಿರುತ್ತದೆ, ನಿಜ. ಮೂರನೆಯ ಕಕ್ಕಡಕ್ಕೆ ಅದರ ಹಿಂಬದಿಯ ಪ್ಲೈವುಡ್ ಉಬ್ಬುತ್ತದೆ, ಬಟ್ಟೆಯ ಮೇಲೆ ಕಪ್ಪು ಚುಕ್ಕೆ ಏಳುತ್ತವೆ. ನೂರು ವರ್ಷದ ಐಮರದ ಪಕ್ಕದಲ್ಲಿ ಐದು ವರ್ಷದ ಸೋಫಾ ಮುಪ್ಪಾಗಿ ಕಾಣುವ ಮನೆಗಳು ಜಿಲ್ಲೆಯಲ್ಲಿ ಎಷ್ಟೋ ಇವೆ.

ಐನ್‌ಮನೆಗಳ ಸ್ಥಿತಿಯೂ ಬದಲಾಗಿದೆ. ಒಕ್ಕದವರು ಬೇರೆ ಬೇರೆ ಮನೆ ಮಾಡಿಕೊಂಡು ಚದುರಿದ ಮೇಲೆ ಕೆಲವು ಐನ್‌ಮನೆಗಳು ಬಿದ್ದುಹೋದವು, ಕೆಲವನ್ನು ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿದರು. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಜಿಲ್ಲೆಯುದ್ದಕ್ಕೂ ಐನ್‌ಮನೆಗಳನ್ನು ಹುಡುಕಿ ದಾಖಲಿಸಿದ್ದಾರೆ. ನಂಜಮ್ಮನವರ ಮತ್ತು ಚಿಣ್ಣಪ್ಪನವರ ತಾತ ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಪಟ್ಟೋಲೆ ಪಳಮೆ ಎಂಬ ಪುಸ್ತಕ ಪ್ರಕಟಿಸಿ ಕೊಡವರ ಹಾಡು ಪದ್ಧತಿಗಳನ್ನು ಉಳಿಸಿದವರು. ಹೊಸದಾಗಿ ಕಟ್ಟುವಾಗಲೂ ಹಳೆಯ ಕಂಬ, ಬಾಗಿಲು ಮತ್ತು ಐಮರಗಳನ್ನು ಎತ್ತಿಟ್ಟು ಮತ್ತೆ ಕೂರಿಸಿದ ಒಕ್ಕಗಳಿವೆ, ಅದು ಮೆಚ್ಚಬೇಕಾದ ಕೆಲಸ. ಹೋಂಸ್ಟೇಗಳು ಹೆಚ್ಚಿದ ಮೇಲೆ ಅಟ್ಟದಲ್ಲಿ ಬಿದ್ದಿದ್ದ ಆರಾಮ ಕುರ್ಚಿಗಳೂ ಮತ್ತೆ ವರಾಂಡಕ್ಕೆ ಬಂದಿವೆ.

ಹಳೆಯ ಸಾಮಾನನ್ನು ಗುರುತಿಸಲು ಮಗುಚಿ ನೋಡುವುದೇ ದಾರಿ. ಅಡಿಯಲ್ಲಿ ಆಳು ಗರಗಸದ ಸ್ವಲ್ಪ ಏರುಪೇರಾದ ಗೀರುಗಳು, ಮರದ ಬೆಣೆ, ಕೈಯಲ್ಲಿ ಕೊರೆದ ಬೆತ್ತದ ತೂತುಗಳು, ಜೋಡಣೆಯಿಲ್ಲದ ಅಗಲ ಹಲಗೆ ಇದ್ದರೆ ಅದು ಯಂತ್ರಕ್ಕಿಂತ ಮೊದಲಿನದು. ದಪ್ಪ ವಾರ್ನಿಷ್ ಬಳಿದರೆ ಅದರ ಬೆಲೆ ಇಳಿಯುತ್ತದೆ, ಮರವೂ ಉಸಿರುಗಟ್ಟುತ್ತದೆ. ಒಣಬಟ್ಟೆಯಿಂದ ಒರೆಸಿ, ಬೇಸಗೆಯಲ್ಲಿ ಒಮ್ಮೆ ಎಣ್ಣೆ ಮತ್ತು ಜೇನುಮೇಣ ತಿಕ್ಕಿದರೆ ಸಾಕು. ಹರಿದ ಬೆತ್ತವನ್ನು ಕಿತ್ತು ವಯರ್ ಹಾಕಿಸುವ ಮೊದಲು ಬೆತ್ತ ನೇಯುವವರನ್ನು ಹುಡುಕಬೇಕು. ಅಂಥ ಕೈಗಳು ಕಡಿಮೆಯಾಗಿವೆ, ಕೆಲಸ ಕೊಟ್ಟರೆ ಮಾತ್ರ ಅವು ಉಳಿಯುತ್ತವೆ. ಚೌಕಟ್ಟು ಗಟ್ಟಿಯಿದ್ದರೆ ಒಂದೇ ಕುರ್ಚಿಗೆ ಎಷ್ಟು ಸಲ ಬೇಕಾದರೂ ಹೊಸ ಬೆತ್ತ ಹಾಕಿಸಬಹುದು.